ಆಟದ ಕೋಣೆ ಅಡುಗೆಮನೆಯ ಕೂಗಳತೆಯಲ್ಲಿರಲಿ



ಕೆಲವು ವಾರಗಳ ಹಿಂದಿನ ಮಾತು. ಭಾನುವಾರದ ಬಲಿಪೂಜೆ ಮುಗಿದು ಎಲ್ಲರೂ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನೊಡನೆ ಹತ್ತಿರ ಬಂದಳು. ಶಿಶುವಿಹಾರದಲ್ಲಿ ನನ್ನ ಸೆರಗು ಹಿಡಿದುಕೊಂಡು ಅಳುತ್ತಿದ್ದ ಹುಡುಗಿ ಈಗ ಇಬ್ಬರು ಮಕ್ಕಳ ತಾಯಿ. ಬೋಗಾದಿ ಕಡೆ 30 ಅಡಿ 40 ಅಡಿಯ ನಿವೇಶನ ಕೊಂಡಿದ್ದಾರೆ, ಸಾಲವೂ ಮಂಜೂರಾಗಿದೆ. ಗಂಡ ಚೀಲದಿಂದ ಮನೆಯ ನಕ್ಷೆ ತೆಗೆದು ಬಿಡಿಸಿದರು.

“ನೋಡಿ ಟೀಚರ್, ಮಕ್ಕಳಿಗೇ ಅಂತ ಒಂದು ರೂಮು ಬಿಟ್ಟಿದ್ದೀವಿ. ಮೇಲುಗಡೆ. ಎಷ್ಟು ಗಲಾಟೆ ಮಾಡಿದರೂ ಕೆಳಗೆ ಕೇಳಿಸೋದೇ ಇಲ್ಲ,” ಎಂದಳು ಅವಳು ಸಂಭ್ರಮದಿಂದ.

“ಕೇಳಿಸಬೇಕಲ್ಲಮ್ಮಾ!” ಎಂದೆ.

ಅವಳ ಮುಖ ಸಪ್ಪಗಾಯಿತು. ಅಂಗಳದಲ್ಲಿ ನಿಂತು ವಿವರಿಸುವಷ್ಟು ಸಮಯವಿರಲಿಲ್ಲ. ಆ ದಿನ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆ ಕಟ್ಟಿಸುತ್ತಿರುವವರಿಗೆ, ಇರುವ ಮನೆಯಲ್ಲೇ ಒಂದು ಮೂಲೆಯನ್ನು ಮಕ್ಕಳಿಗೆ ಬಿಟ್ಟುಕೊಡಬೇಕೆಂದಿರುವವರಿಗೆ ಇದರಿಂದ ಉಪಯೋಗವಾದೀತು.

ನಾವು ಮಾಡಿದ ತಪ್ಪು

1996ರಲ್ಲಿ ನಾವು ಮನೆ ಕಟ್ಟಿಸಿದಾಗ ಮಾಡಿದ್ದೂ ಇದನ್ನೇ. ಮಹಡಿಯ ಮೇಲೆ ಹತ್ತಡಿ ಚೌಕದ ಒಂದು ಕೋಣೆ, ಪೂರ್ವಕ್ಕೆ ಕಿಟಕಿ, ತಿಳಿ ಹಳದಿ ಬಣ್ಣ, ಗೋಡೆಯ ಮೇಲೆ ಆನೆ ಒಂಟೆಗಳ ಚಿತ್ರ. ಒಂದು ವಾರ ಮಕ್ಕಳು ಅಲ್ಲಿ ಆಡಿದರು. ಎರಡನೆಯ ವಾರ ಒಂದೊಂದೇ ಆಟಿಕೆ ಮೆಟ್ಟಿಲಿಳಿದು ಬರತೊಡಗಿತು. ತಿಂಗಳು ತುಂಬುವಷ್ಟರಲ್ಲಿ ಇಡೀ ಸಂಸಾರ ಅಡುಗೆಮನೆಯ ಹೊಸ್ತಿಲಿನ ಮುಂದೆ ಹರಡಿಕೊಂಡಿತ್ತು. ಸಾರಿನ ಪಾತ್ರೆ ಹಿಡಿದು ನಾನು ಅವುಗಳನ್ನು ದಾಟಿಕೊಂಡು ಓಡಾಡಬೇಕು! ಎಷ್ಟು ಬೈದು ಮೇಲಕ್ಕೆ ಕಳಿಸಿದರೂ ಹತ್ತು ನಿಮಿಷಕ್ಕೆ ಹಾಜರು. ಮೇಲಿನ ಆ ಕೋಣೆಗೆ ಹಳೆಯ ಹಾಸಿಗೆ, ಟ್ರಂಕು, ಈರುಳ್ಳಿ ಚೀಲ ಬಂದು ಸೇರಿದವು. ಒಂಟೆಯ ಚಿತ್ರಕ್ಕೆ ಈರುಳ್ಳಿಯೇ ಜೊತೆಯಾಯಿತು.

ಮಕ್ಕಳದು ಹಟವಲ್ಲ ಎಂಬುದು ನನಗೆ ನಿಧಾನವಾಗಿ ಅರ್ಥವಾಯಿತು. ಆರೇಳು ವರ್ಷದೊಳಗಿನ ಮಗು ಆಟದಲ್ಲಿ ಮುಳುಗಿರುವಾಗಲೂ ಆಗಾಗ ತಲೆಯೆತ್ತಿ ಅಮ್ಮ ಅಲ್ಲೇ ಇದ್ದಾಳೆಯೇ ಎಂದು ನೋಡುತ್ತದೆ. ಇದ್ದಾಳೆಂದು ಖಾತ್ರಿಯಾದರೆ ಮತ್ತೆ ಆಟಕ್ಕಿಳಿಯುತ್ತದೆ. ಇಲ್ಲದಿದ್ದರೆ ಆಟ ಅಲ್ಲಿಗೇ ನಿಂತಿತು, ಹುಡುಕಾಟ ಶುರು. ಎಷ್ಟು ಚೆಂದದ ಕೋಣೆ ಕೊಟ್ಟರೂ ಅಲ್ಲಿಂದ ಅಮ್ಮ, ಅಜ್ಜಿ, ತಾತ ಯಾರೂ ಕಾಣದಿದ್ದರೆ ಮಗುವಿಗೆ ಅದು ಶಿಕ್ಷೆಯ ಕೋಣೆಯೇ.

ಮೈಸೂರಿನ ಹಳೆಯ ಮನೆಗಳನ್ನು ಕಟ್ಟಿದವರಿಗೆ ಈ ವಿಚಾರವನ್ನು ಯಾರೂ ಪಾಠ ಮಾಡಿರಲಿಲ್ಲ. ಆದರೆ ತೊಟ್ಟಿ ಮನೆಯ ನಡುಮನೆಯಲ್ಲಿ ಮಕ್ಕಳು ಆಡುತ್ತಿದ್ದರೆ ಅಡುಗೆಮನೆಯಿಂದಲೂ ಕಾಣುತ್ತಿತ್ತು, ಜಗಲಿಯಲ್ಲಿ ಕುಳಿತ ಹಿರಿಯರಿಗೂ ಕಾಣುತ್ತಿತ್ತು. ನಾನು ಬೆಳೆದದ್ದು ಲಷ್ಕರ್ ಮೊಹಲ್ಲಾದ ಒಂದು ವಠಾರದಲ್ಲಿ. ಆರು ಮನೆಗಳಿಗೆ ಒಂದೇ ಅಂಗಳ, ಒಂದೇ ನಲ್ಲಿ. ಅಲ್ಲಿ ನಮ್ಮನ್ನು ಕಾಯಲು ಯಾರನ್ನೂ ನೇಮಿಸಿರಲಿಲ್ಲ; ಯಾವುದೋ ಒಂದು ಬಾಗಿಲಲ್ಲಿ ಯಾವಾಗಲೂ ಒಬ್ಬರು ಅಕ್ಕಿ ಆರಿಸುತ್ತಾ ಕುಳಿತಿರುತ್ತಿದ್ದರು. ಈಗಿನ ಬಡಾವಣೆಗಳಲ್ಲಿ ಮನೆ ದೊಡ್ಡದು, ಕಾಂಪೌಂಡು ಎತ್ತರ, ಬೀದಿಯಲ್ಲಿ ವಾಹನ. ಹಿಂದೆ ಬೀದಿ ಮತ್ತು ಅಂಗಳ ಮಾಡುತ್ತಿದ್ದ ಕೆಲಸವನ್ನು ಈಗ ಮನೆಯ ಒಂದು ಕೋಣೆ ಮಾಡಬೇಕಾಗಿದೆ.

ಪವಿತ್ರ ಬೈಬಲಿನಲ್ಲಿ ಪ್ರವಾದಿ ಜೆಕರ್ಯನ ಗ್ರಂಥದ 8ನೆಯ ಅಧ್ಯಾಯ ತೆರೆದು ನೋಡಿ. ಪುನಃ ಬಾಳಿ ಬದುಕುವ ಜೆರುಸಲೇಮಿನ ಚಿತ್ರವೊಂದು ಅಲ್ಲಿದೆ. ಕೋಲೂರಿದ ಮುದುಕ ಮುದುಕಿಯರು ಬೀದಿಗಳಲ್ಲಿ ಕುಳಿತಿದ್ದಾರೆ. ಅದೇ ಬೀದಿಗಳ ತುಂಬ ಹುಡುಗ ಹುಡುಗಿಯರು ಆಡುತ್ತಿದ್ದಾರೆ. ಹಿರಿಯರು ಒಂದು ಕಡೆ, ಮಕ್ಕಳು ಒಂದು ಕಡೆ ಎಂದಲ್ಲ, ಒಂದೇ ಬೀದಿ. ಟ್ಯೂರಿನ್ ನಗರದ ಸಂತ ಜಾನ್ ಬೋಸ್ಕೊ ಅವರೂ ಹುಡುಗರನ್ನು ಆಟದ ಅಂಗಳಕ್ಕೆ ಅಟ್ಟಿ ತಾವು ಒಳಗೆ ಕುಳಿತವರಲ್ಲ. ಅವರೊಂದಿಗೆ ಓಡಿದರು, ತಮ್ಮ ಸಹಾಯಕರನ್ನೂ ಆಟದ ನಡುವೆಯೇ ಇರುವಂತೆ ಪಳಗಿಸಿದರು.

ಆದ್ದರಿಂದ ನನ್ನ ಮೊದಲ ಸಲಹೆ ಕೋಣೆಯ ಜಾಗದ ಬಗ್ಗೆ. ಕೋಣೆ ಚಿಕ್ಕದಾದರೂ ಚಿಂತೆಯಿಲ್ಲ, ಎಂಟಡಿಗೆ ಹತ್ತಡಿ ಸಾಕು. ಅಡುಗೆಮನೆಯ ಅಥವಾ ಹಜಾರದ ಪಕ್ಕದಲ್ಲಿರಲಿ. ನಡುವಿನ ಗೋಡೆಯಲ್ಲಿ ಅಗಲವಾದ ಕಿಂಡಿಯಿರಲಿ, ಇಲ್ಲವೇ ಬಾಗಿಲ ಕೆಳಭಾಗ ಮಾತ್ರ ಮುಚ್ಚುವಂತೆ ಅರ್ಧ ಬಾಗಿಲು ಮಾಡಿಸಿ. ಮನೆಯಲ್ಲಿ ತಾತ ಅಜ್ಜಿ ಇದ್ದರೆ ಅವರ ಕೋಣೆಯೂ ಹತ್ತಿರವಿರಲಿ. ತಾತನ ಮಧ್ಯಾಹ್ನದ ನಿದ್ದೆಗೆ ತೊಂದರೆಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ. ಅದಕ್ಕೆ ಎರಡರಿಂದ ನಾಲ್ಕು ಗಂಟೆಯವರೆಗೆ ಬಣ್ಣ ಹಚ್ಚುವ, ಮಣಿ ಪೋಣಿಸುವ ಆಟ. ಕುಣಿತ ಕೂಗಾಟವೆಲ್ಲ ಆಮೇಲೆ. ಮಕ್ಕಳು ಈ ಕಟ್ಟಳೆಗೆ ನಾವು ಎಣಿಸಿದ್ದಕ್ಕಿಂತ ಬೇಗ ಒಗ್ಗಿಕೊಳ್ಳುತ್ತಾರೆ. ದೊಡ್ಡ ಮಕ್ಕಳ ವಿಷಯ ಬೇರೆ. ಹತ್ತು ಹನ್ನೆರಡು ವರ್ಷದವರಿಗೆ ಮಹಡಿಯ ಕೋಣೆಯೇ ಇಷ್ಟ. ಅವರಿಗೆ ಆಗ ನಾವು ಕಾಣದಿದ್ದರೇ ಸಂತೋಷ!

ನೋಡುವ ಗೊಂಬೆ, ಆಡುವ ಗೊಂಬೆ

ಆಟಕ್ಕೂ ನಮ್ಮ ಊರಿಗೂ ಇರುವ ನಂಟು ಇಂದಿನದಲ್ಲ. ಅರಮನೆಯ ಒಳಗೆ ಹೋದವರೆಲ್ಲ ಗೊಂಬೆ ತೊಟ್ಟಿಯನ್ನು ನೋಡಿಯೇ ಇರುತ್ತೀರಿ. ಮುಮ್ಮಡಿ ಕೃಷ್ಣರಾಜ ಒಡೆಯರು, 1831ರಲ್ಲಿ ಬ್ರಿಟಿಷರು ಅವರಿಂದ ಆಡಳಿತ ಕಿತ್ತುಕೊಂಡ ಮೇಲೆ, ಕಲೆ ಸಾಹಿತ್ಯಗಳ ಜೊತೆಗೆ ಆಟಗಳ ಕಡೆಗೂ ಮನಸ್ಸು ಕೊಟ್ಟರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳ ವಿವರಗಳಿವೆ. ಚದುರಂಗದ ಕುದುರೆ ಅರವತ್ನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ಒಗಟಿನಲ್ಲಿ ಅವರದು ಎತ್ತಿದ ಕೈ. ಜಗನ್ಮೋಹನ ಅರಮನೆಯಲ್ಲಿ ಗೋಡೆಯ ಮೇಲೆಯೇ ಆಟದ ಹಾಸುಗಳನ್ನು ಬರೆಸಿದ್ದಾರೆ. ನಮ್ಮ ಕಾಲದಲ್ಲಿ ನಜರ್‌ಬಾದಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಪಗಡೆ, ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಮೊದಲಾದ ಹಳೆಯ ಮಣೆಯಾಟಗಳಿಗೆ ಜೀವ ಕೊಡಲು 2007ರಿಂದ ‘ಕ್ರೀಡಾಕೌಶಲ್ಯ’ ಎಂಬ ಪ್ರದರ್ಶನ ನಡೆಸಿಕೊಂಡು ಬಂದಿದ್ದಾರೆ. ದಸರೆಯ ಹೊತ್ತಿಗೆ ಅವರ ‘ಬೊಂಬೆ ಮನೆ’ಯೂ ತೆರೆಯುತ್ತದೆ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗೊಂಬೆ ತೊಟ್ಟಿಯ ಗೊಂಬೆಗಳು, ನೆರೆಮನೆಯವರು ದಸರೆಗೆ ಮೆಟ್ಟಿಲ ಮೇಲೆ ಕೂರಿಸುವ ಗೊಂಬೆಗಳು ನೋಡುವುದಕ್ಕೆ. ಆಡುವುದಕ್ಕೆ ಬೇರೆಯೇ ಬೇಕು. ಕಷ್ಟವೆಂದರೆ ನಮ್ಮ ಅನೇಕ ಮನೆಗಳಲ್ಲಿ ಆಡುವ ಗೊಂಬೆಗಳೂ ನೋಡುವ ಗೊಂಬೆಗಳಾಗಿಬಿಟ್ಟಿವೆ. ಗಲ್ಫಿನಲ್ಲಿರುವ ಮಾವ ತಂದ ರೈಲು, ಹುಟ್ಟುಹಬ್ಬಕ್ಕೆ ಬಂದ ಮಾತನಾಡುವ ಗೊಂಬೆ ಎಲ್ಲವೂ ಹಜಾರದ ಶೋಕೇಸಿನಲ್ಲಿ ಗಾಜಿನ ಹಿಂದೆ. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿಲ್ಲ. ಬೀಗದ ಕೈ ಅಮ್ಮನ ಬಳಿ. ನೆಂಟರು ಬಂದಾಗ, “ಮುಟ್ಟಬೇಡ, ಹಾಳಾಗುತ್ತೆ!”

ಇದನ್ನು ನೋಡಿದಾಗೆಲ್ಲ ನನಗೆ ಮರಿಯಾ ಮಾಂಟೆಸ್ಸೋರಿ ಅವರ ಮೊದಲ ಶಾಲೆಯ ಬೀರು ನೆನಪಾಗುತ್ತದೆ. ಇಟಲಿಯ ವೈದ್ಯೆಯಾಗಿದ್ದ, ಕಥೋಲಿಕರೇ ಆಗಿದ್ದ ಈ ಮಹಿಳೆ ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ 1907ರ ಜನವರಿ 6ರಂದು, ಎಂದರೆ ಮೂವರು ಜ್ಞಾನಿಗಳ ಹಬ್ಬದ ದಿನ, ‘ಮಕ್ಕಳ ಮನೆ’ಯನ್ನು ತೆರೆದರು. ಕಟ್ಟಡದ ಮಾಲೀಕರಿಗೆ ಬೇಕಾಗಿದ್ದದ್ದು ಇಷ್ಟೇ: ತಂದೆತಾಯಿ ಕೂಲಿಗೆ ಹೋದಾಗ ಮಕ್ಕಳು ಗೋಡೆ ಮೆಟ್ಟಿಲು ಕೆಡಿಸದಂತೆ ಯಾರಾದರೂ ಕೂಡಿಹಾಕಿಕೊಂಡರೆ ಸಾಕು. ಆಗ ಆಟಪಾಠದ ಸಾಮಾನುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಶಿಕ್ಷಕಿಯೇ ತೆಗೆದು ಕೊಡಬೇಕು. ಒಂದು ದಿನ ಬೀಗ ಹಾಕುವುದು ಮರೆತುಹೋಗಿತ್ತು. ಶಿಕ್ಷಕಿ ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಂಡು ಕೆಲಸದಲ್ಲಿ ತೊಡಗಿದ್ದಾರೆ. ಆಕೆಗೆ ಅದು ಕಳ್ಳತನದಂತೆ ಕಂಡಿತು. ಮಾಂಟೆಸ್ಸೋರಿ ಅವರಿಗೆ ಬೇರೆಯೇ ಕಂಡಿತು: ಮಕ್ಕಳಿಗೆ ಯಾವುದು ಎಲ್ಲಿದೆ ಎಂದು ಗೊತ್ತಿದೆ, ಯಾವುದು ಬೇಕೆಂಬುದೂ ಗೊತ್ತಿದೆ. ಬೀಗದ ಬೀರುವಿನ ಬದಲು ಮಗುವಿನ ಕೈಗೆಟಕುವ ತೆರೆದ ಗೂಡುಗಳು ಬಂದವು. ಮುಂದೆ 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲೇ ಕಳೆದು, ನೂರಾರು ಶಿಕ್ಷಕ ಶಿಕ್ಷಕಿಯರಿಗೆ ತರಬೇತಿ ಕೊಟ್ಟರು. ಇಂದು ಓಣಿಗೊಂದು ಮಾಂಟೆಸ್ಸೋರಿ ಫಲಕ ಕಾಣುತ್ತದೆ. ಒಳಗೆ ಹೋಗಿ ನೋಡಿದರೆ ಎಷ್ಟೋ ಕಡೆ ಬೀರುವಿಗೆ ಬೀಗ.

ಆದ್ದರಿಂದ ಕೋಣೆಯಲ್ಲಿ ಎರಡೂವರೆ ಅಡಿಗಿಂತ ಎತ್ತರವಿಲ್ಲದ, ಒಂದಡಿ ಆಳದ, ಬಾಗಿಲಿಲ್ಲದ ಗೂಡುಗಳನ್ನು ಮಾಡಿಸಿ. ಅಂಚುಗಳನ್ನು ಉಜ್ಜಿ ದುಂಡಗೆ ಮಾಡುವಂತೆ ಬಡಗಿಗೆ ಹೇಳಿ. ಗೂಡಿನಲ್ಲಿ ಒಂದು ಸಲಕ್ಕೆ ಆರೋ ಎಂಟೋ ಸಾಮಾನು, ಅಷ್ಟೇ. ಉಳಿದದ್ದನ್ನು ಪೆಟ್ಟಿಗೆಯಲ್ಲಿಟ್ಟು ಅಟ್ಟದ ಮೇಲೆ ಹಾಕಿ. ಹದಿನೈದು ದಿನಕ್ಕೊಮ್ಮೆ ಅದಲು ಬದಲು ಮಾಡಿ. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಇನ್ನೊಮ್ಮೆ 16 ಆಟಿಕೆಗಳ ಜೊತೆ ಆಡಲು ಬಿಟ್ಟು ನೋಡಿ 2018ರಲ್ಲಿ ವರದಿ ಪ್ರಕಟಿಸಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರಂತೆ. ತೆಂಗಿನ ಚಿಪ್ಪು ಮತ್ತು ಮರಳಿನಲ್ಲಿ ಇಡೀ ಮಧ್ಯಾಹ್ನ ಮದುವೆ ಊಟ ಬಡಿಸಿದವರಿಗೆ ಈ ವರದಿಯಿಂದ ಆಶ್ಚರ್ಯವಾಗಲಾರದು.

ಯಾವ ಆಟಿಕೆ? ನಮಗೆ ಚನ್ನಪಟ್ಟಣ ದೂರವಿಲ್ಲ, ಬೆಂಗಳೂರು ರಸ್ತೆಯಲ್ಲಿ ಸುಮಾರು 80 ಕಿಲೋಮೀಟರು. ಅಲ್ಲಿನ ಕಸುಬುದಾರರು ಹಗುರವಾದ ಆಲೆ ಮರವನ್ನು ಚರಕಿಗೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಚೂಪು ಮೂಲೆಯಿಲ್ಲ, ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ. ಬೇರೆ ಬಗೆಯ ಆಟಿಕೆಗಳನ್ನು ಕೊಳ್ಳುವಾಗ ಐ.ಎಸ್.ಐ. ಗುರುತನ್ನು ನೋಡಿ. 14 ವರ್ಷದೊಳಗಿನ ಮಕ್ಕಳ ಅಂಥ ಆಟಿಕೆಗಳಿಗೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ 2021ರ ಜನವರಿ 1ರಿಂದ ಈ ಗುರುತು ಕಡ್ಡಾಯವಾಗಿದೆ. ನೆಲ ಗಾರೆಯದೋ ರೆಡ್ ಆಕ್ಸೈಡಿನದೋ ಆಗಿದ್ದರೆ ಒಂದು ಮೂಲೆಯಲ್ಲಿ ಐದು ಮನೆಗೆ ಐದು ಮನೆಯ ಚೌಕಾಬಾರದ ಹಾಸನ್ನು ಬಿಳಿ ಬಣ್ಣದಲ್ಲಿ ಬರೆಸಿಬಿಡಿ. ನಾಲ್ಕು ಕವಡೆಯಿದ್ದರೆ ಅಜ್ಜಿಯೂ ಮೊಮ್ಮಗನೂ ಸಮಸಮವಾಗಿ ಆಡಬಹುದಾದ ಆಟ ಅದು. ಗೋಡೆಗೆ ಕಾರ್ಟೂನು ಬರೆಸಲು ದುಡ್ಡು ಸುರಿಯಬೇಡಿ; ನಾಲ್ಕು ವರ್ಷದವನ ಮೆಚ್ಚಿನ ಭೀಮ ಎಂಟು ವರ್ಷಕ್ಕೆ ಅವನಿಗೇ ನಾಚಿಕೆ ತರುತ್ತಾನೆ. ಬದಲಿಗೆ ನೆಲದಿಂದ ಮೂರಡಿಯವರೆಗೆ ಕಪ್ಪು ಹಲಗೆಯ ಬಣ್ಣ ಬಳಿಸಿ, ಕೈಗೆ ಸೀಮೆಸುಣ್ಣ ಕೊಡಿ.

ಬಿದ್ದ ಬೀರು

ಈಗ ಹೇಳಲು ಹಿಂಜರಿಯುವ ಒಂದು ಸಂಗತಿ. ನಮ್ಮ ಮಗನಿಗೆ ಆಗ ಮೂರು ವರ್ಷ. ಪುಸ್ತಕ ಆಟಿಕೆಗಳಿಗೆಂದು ಐದಡಿ ಎತ್ತರದ ಮರದ ಬೀರು ಮಾಡಿಸಿದ್ದೆವು, ಕೆಳಗೆ ಮೂರು ಡ್ರಾಯರು. ಒಂದು ಸಂಜೆ ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಅವನು ಡ್ರಾಯರುಗಳನ್ನು ಒಂದೊಂದಾಗಿ ಹೊರಗೆಳೆದು ಮೆಟ್ಟಿಲು ಮಾಡಿಕೊಂಡು ಹತ್ತಿದ್ದಾನೆ. ಡ್ರಾಯರುಗಳೆಲ್ಲ ಹೊರಗೆ ಬಂದು ಮಗುವಿನ ಭಾರವೂ ಮುಂದಕ್ಕೆ ಬಿದ್ದರೆ ಬೀರು ಎಷ್ಟು ಗಟ್ಟಿಯಾಗಿದ್ದರೇನು? ಇಡಿಯಾಗಿ ಮಗುಚಿತು. ಎದುರಿಗಿದ್ದ ಮಂಚದ ಅಂಚು ಅದನ್ನು ತಡೆಯಿತು. ಮಂಚಕ್ಕೂ ಬೀರುವಿಗೂ ನಡುವಿನ ಆ ಒಂದೂವರೆ ಅಡಿ ಜಾಗದಲ್ಲಿ ನನ್ನ ಮಗ ಇದ್ದ. ಹಣೆಗೆ ಮೂರು ಹೊಲಿಗೆ ಬಿದ್ದವು. ಅವನಿಗೀಗ ಮೂವತ್ತು ದಾಟಿದೆ. ಹುಬ್ಬಿನ ಮೇಲಿನ ಗೆರೆಯನ್ನು ನೋಡಿದಾಗ ಇಂದಿಗೂ ನನ್ನ ಕೈ ತಣ್ಣಗಾಗುತ್ತದೆ.

ಬಡಗಿಯ ಕೆಲಸದಲ್ಲಿ ದೋಷವಿರಲಿಲ್ಲ. “ಗೋಡೆಗೆ ಸೇರಿಸಿ ಬಿಗೀಲಾ ಅಮ್ಮಾ?” ಎಂದು ಅವರು ಕೇಳಿದ್ದರು. ಹೊಸ ಗೋಡೆಗೆ ತೂತು ಬೇಡವೆಂದು ನಾನೇ ತಡೆದಿದ್ದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಎರಡೂವರೆ ಅಡಿಗಿಂತ ಎತ್ತರದ ಬೀರು, ಕಪಾಟು, ಪುಸ್ತಕದ ರ್‍ಯಾಕು ಯಾವುದೇ ಆಗಲಿ, ಗೋಡೆಗೆ ಪ್ಲಗ್ ಹೊಡೆಸಿ ಕಬ್ಬಿಣದ ಎಲ್ ಪಟ್ಟಿಯಿಂದ ಬಿಗಿಸಿ. ಮೇಜಿನ ಮೇಲಿನ ಟಿ.ವಿ.ಗೂ ಇದೇ ಮಾತು.

ಕಿಟಕಿಯ ವಿಷಯದಲ್ಲಿ ಹಳೆಯ ಮನೆಗಳೇ ವಾಸಿ. ನೆಟ್ಟಗೆ ನಿಂತ ಸರಳುಗಳನ್ನು ಮಗು ಹತ್ತಲಾರದು. ಈಗಿನ ಅಂದದ ಅಡ್ಡಪಟ್ಟಿಯ ಗ್ರಿಲ್ಲು ಏಣಿಯೇ ಸರಿ. ಸರಳುಗಳ ನಡುವೆ 4 ಅಂಗುಲಕ್ಕಿಂತ ಹೆಚ್ಚು ಸಂದು ಬೇಡ; ಕಿಟಕಿಯ ಕೆಳಗೆ ಮಂಚ, ಸ್ಟೂಲು ಇಡಬೇಡಿ. ಬಾಗಿಲಿನ ಒಳಚಿಲಕ ಮಗುವಿಗೆ ಎಟಕದಷ್ಟು ಮೇಲಿರಲಿ, ಇಲ್ಲದಿದ್ದರೆ ಒಂದು ದಿನ ಅದು ಒಳಗೆ, ನೀವು ಹೊರಗೆ. ಪ್ಲಗ್ಗುಗಳಿಗೆ ಮುಚ್ಚಳವಿರುವ ಬಗೆಯನ್ನೇ ಹಾಕಿಸಿ. ವಿದ್ಯುತ್ ಸೋರಿದರೆ ತಾನೇ ಕಡಿದುಹೋಗುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಮೇಯ್ನ್ ಬೋರ್ಡಿನಲ್ಲಿರಲಿ. ನುಣುಪು ಟೈಲ್ಸ್ ಇದ್ದರೆ ಮೇಲೆ ಚಾಪೆಯೋ ಜಮಖಾನವೋ ಹಾಸಿ. ಬಣ್ಣದಲ್ಲಿ ಸೀಸವಿಲ್ಲವೆಂದು ಡಬ್ಬಿಯ ಮೇಲೆ ನೋಡಿ ಕೊಳ್ಳಿ. ಮನೆ ಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಪಾಲಿಗೆ ಮಿತಿಗೊಳಿಸುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣ ಕಿಟಕಿ ಬಾಗಿಲಿನಿಂದ ಚಕ್ಕೆ ಏಳುತ್ತಿದ್ದರೆ, ಮಕ್ಕಳನ್ನು ದೂರವಿಟ್ಟು, ಒದ್ದೆ ಮಾಡಿ ಕೆರೆಸಬೇಕು. ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು.

ಮೂರು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಸಣ್ಣ ವಸ್ತುಗಳದೇ ದೊಡ್ಡ ಭಯ. ಕವಡೆ, ಹುಣಸೆ ಬೀಜ, ಗೋಲಿ, ಒಡೆದ ಬಲೂನಿನ ಚೂರು, ಇವೆಲ್ಲ ಗಂಟಲಿಗೆ ಸಿಕ್ಕಿಕೊಳ್ಳುವಂಥವು. ಹಬ್ಬದ ಅಂಗಡಿ ಸಾಲಿನಿಂದ ಬಲೂನು ಇಲ್ಲದೆ ಮಕ್ಕಳು ಹಿಂದಿರುಗಿದ್ದುಂಟೇ! ತರಲಿ, ಒಡೆದ ಕೂಡಲೇ ಚೂರುಗಳನ್ನು ನೀವೇ ಆರಿಸಿ ಎಸೆಯಿರಿ. ಅಳಗುಳಿಮಣೆಗೆ ಕೆಲವರು ಗುಲಗಂಜಿ ಬಳಸುತ್ತಾರೆ. ನೋಡಲು ಎಷ್ಟು ಮುದ್ದೋ ಅಗಿದರೆ ಅಷ್ಟೇ ವಿಷ. ಮಕ್ಕಳ ಕೋಣೆಯಲ್ಲಿ ಅದು ಬೇಡವೇ ಬೇಡ. ಗುಂಡಿಯಂಥ ಬ್ಯಾಟರಿಗಳ ಬಗ್ಗೆ ಇನ್ನೂ ಹೆಚ್ಚು ಎಚ್ಚರಿಕೆ ಬೇಕು. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡಬಲ್ಲದು. ಬೆಳಗ್ಗೆ ನೋಡೋಣ ಎನ್ನದೆ ಆಗಲೇ ಆಸ್ಪತ್ರೆಗೆ ಓಡಬೇಕು.

ಟಿ.ವಿ.ಯನ್ನಂತೂ ಈ ಕೋಣೆಯೊಳಗೆ ತರಬೇಡಿ. ಎರಡು ವರ್ಷ ತುಂಬದ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಮರುವರ್ಷವೇ ಕೋವಿಡ್ ಬಂದು ಶಾಲೆಯೇ ಮೊಬೈಲಿನೊಳಗೆ ಸೇರಿತು. ಅದನ್ನು ಹಿಂದಕ್ಕೆ ಪಡೆಯುವುದು ಎಷ್ಟು ಕಷ್ಟವೆಂದು ಮೊಮ್ಮಕ್ಕಳಿರುವ ನನಗೂ ಗೊತ್ತು. ಆದರೆ 2016ರ ‘ಅಮೋರಿಸ್ ಲೆತಿತ್ಸಿಯಾ’ ಪತ್ರದಲ್ಲಿ ಪೋಪ್ ಫ್ರಾನ್ಸಿಸರು ಬೊಟ್ಟು ಮಾಡಿದ್ದು ಮಕ್ಕಳ ಕಡೆಗಷ್ಟೇ ಅಲ್ಲ; ಊಟಕ್ಕೆ ಒಟ್ಟಿಗೆ ಕುಳಿತು ಒಬ್ಬೊಬ್ಬರೂ ಅವರವರ ಫೋನು ನೋಡುವ ಮನೆಮಂದಿಯ ಕಡೆಗೂ.

ಹಿತ್ತಲ ಮೆಟ್ಟಿಲಲ್ಲಿ ಕುಳಿತ ಹುಡುಗಿ

ಕೋಣೆ ಹೇಗಿರಬೇಕೆಂದು ಇಷ್ಟೆಲ್ಲ ಹೇಳಿದೆ. ಅದರೊಳಗೆ ಯಾರು ಬರಬಹುದು ಎಂಬ ಪ್ರಶ್ನೆ ನಕ್ಷೆಯಲ್ಲಿ ಎಲ್ಲೂ ಬರುವುದಿಲ್ಲ.

ನಮ್ಮ ಮನೆಗೆ ಆಗ ಪಾತ್ರೆ ತೊಳೆಯಲು ಬರುತ್ತಿದ್ದಾಕೆ ಬೇಸಿಗೆ ರಜೆಯಲ್ಲಿ ತನ್ನ ಆರು ವರ್ಷದ ಮಗಳನ್ನೂ ಕರೆತರುತ್ತಿದ್ದಳು. ಆ ಹುಡುಗಿ ಹಿತ್ತಲ ಮೆಟ್ಟಿಲಲ್ಲಿ ಸುಮ್ಮನೆ ಕುಳಿತಿರುತ್ತಿತ್ತು. ಒಂದು ದಿನ ನನ್ನ ಮಗಳು ಕೇಳಿದಳು, “ಅಮ್ಮಾ, ಅವಳು ಯಾಕೆ ಒಳಗೆ ಬರಲ್ಲ?”

“ಅವಳಿಗೆ ಅವಳ ಅಮ್ಮನ ಹತ್ತಿರ ಇರೋದೇ ಇಷ್ಟ,” ಎಂದೆ. ಅದು ಸುಳ್ಳು. ಅಂಥ ಸುಳ್ಳು ಎಷ್ಟು ಸುಲಭವಾಗಿ ಬಾಯಿಗೆ ಬಂತೆಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆ ರಾತ್ರಿ ಜಪಸರ ಮಾಡುವಾಗ ಮನಸ್ಸು ನಿಲ್ಲಲಿಲ್ಲ. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಯೇಸುಸ್ವಾಮಿ ಸಿಟ್ಟಾದ ಪ್ರಸಂಗವನ್ನು ನಾನೇ ತರಗತಿಯಲ್ಲಿ ಚಿತ್ರ ಬರೆದು ಹೇಳಿಕೊಡುತ್ತಿದ್ದೆ.

ಮರುದಿನ ಆ ತಾಯಿಗೆ ಹೇಳಿದೆ. ಆಕೆ ಹೆದರಿದಳು. “ಬೇಡ ಅಮ್ಮಾವ್ರೇ, ಏನಾದ್ರೂ ಮುರಿದು ಹಾಕಿದ್ರೆ?” ಮುರಿದರೆ ಮುರಿಯಲಿ ಎಂದು ಒತ್ತಾಯಿಸಿ ಹುಡುಗಿಯನ್ನು ಒಳಗೆ ಕಳಿಸಿ ನಾನು ಒಲೆಯ ಕಡೆ ಹೋದೆ. ಸ್ವಲ್ಪ ಹೊತ್ತಿನ ಮೇಲೆ ಬಂದು ನೋಡಿದರೆ, ಆ ಹುಡುಗಿ ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ಆಟದ ಕೋಣೆಯನ್ನು ಗುಡಿಸುತ್ತಿತ್ತು. ಒಳಗೆ ಕರೆದದ್ದು ಅದಕ್ಕೇ ಎಂದು ಅದು ತಿಳಿದುಕೊಂಡಿತ್ತು. ನನ್ನ ಮಕ್ಕಳು ಕಾಲು ಮೇಲೆತ್ತಿಕೊಂಡು ಮಂಚದ ಮೇಲೆ ಕುಳಿತಿದ್ದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಪೊರಕೆ ತೆಗೆದಿಟ್ಟು ಮೂವರನ್ನೂ ನೆಲದ ಮೇಲೆ ಕೂರಿಸಿ ನಾನೂ ಕುಳಿತೆ. ಗೂಡಿನಲ್ಲಿದ್ದ ಯಾವುದನ್ನೂ ಆ ಹುಡುಗಿ ಮುಟ್ಟಲಿಲ್ಲ. ಕೊನೆಗೆ ಹಿತ್ತಲಿಗೆ ಹೋಗಿ ಐದು ಕಲ್ಲು ಆರಿಸಿಕೊಂಡು ಬಂದು, ಒಂದನ್ನು ಮೇಲಕ್ಕೆಸೆದು ಉಳಿದದ್ದನ್ನು ಬಾಚಿ ಹಿಡಿದು ತೋರಿಸಿತು. ನನ್ನ ಮಗಳಿಗೆ ಅದು ಬರುತ್ತಿರಲಿಲ್ಲ. ಆ ರಜೆಯಿಡೀ ಆ ಕೋಣೆಯಲ್ಲಿ ನಡೆದದ್ದು ಕಲ್ಲಾಟವೇ. ಕೊಂಡು ತಂದ ಆಟಿಕೆಗಳಲ್ಲಿ ಎರಡು ಮುರಿದವು. ಎರಡನ್ನೂ ಮುರಿದದ್ದು ನನ್ನ ಮಗ.

ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಮಗುವಿನ ಹಕ್ಕೆಂದು ಹೇಳುತ್ತದೆ. ಭಾರತ ಅದಕ್ಕೆ ಸೇರಿದ್ದು 1992ರ ಡಿಸೆಂಬರಿನಲ್ಲಿ. ನಮ್ಮ ಮನೆಯ ಹಿತ್ತಲ ಮೆಟ್ಟಿಲಿಗೆ ಅದು ತಲುಪಲು ಇನ್ನಷ್ಟು ವರ್ಷಗಳು ಬೇಕಾದವು.

ದೇವರ ಪೀಠವನ್ನು ಈ ಕೋಣೆಯಲ್ಲಿಡಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಡವೆಂದು ನನ್ನ ಅಭಿಪ್ರಾಯ. ಪೀಠ ಎಲ್ಲರೂ ಸೇರುವ ಹಜಾರದಲ್ಲಿರಲಿ. ಆದರೆ ಮಕ್ಕಳು ಹೆಗಲಿಗೆ ಟವೆಲು ಹೊದ್ದುಕೊಂಡು ಸ್ವಾಮಿಗಳಂತೆ ಪೂಜೆಯ ಆಟ ಆಡಿದರೆ ಗದರಬೇಡಿ, ಅದು ಅಪಚಾರವಲ್ಲ. ನಮ್ಮ ಮನೆಯ ಪುಟ್ಟ ಗುರುಗಳ ಪ್ರಸಂಗ ಎರಡೇ ನಿಮಿಷಕ್ಕೆ ಮುಗಿಯುತ್ತಿತ್ತು, ದೊಡ್ಡವರಿಗೆಲ್ಲ ಅದು ಬಹಳ ಹಿಡಿಸಿತ್ತು. ಕ್ರಿಸ್ಮಸ್ ಹತ್ತಿರವಾದಾಗ ಗೋದಲಿಯ ಕೆಲಸವನ್ನು ಈ ಕೋಣೆಗೆ ವಹಿಸಿ. ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬರಿಸುವುದು, ರಟ್ಟಿನಲ್ಲಿ ಬೆಟ್ಟ ಮಾಡುವುದು ಅವರ ಪಾಲಿಗಿರಲಿ. ಹಜಾರದ ಪಿಂಗಾಣಿ ಸ್ವರೂಪಗಳ ಜೊತೆಗೆ, ಮುಟ್ಟಿ ಎತ್ತಿ ಮಲಗಿಸಿ ಆಡಬಹುದಾದ ಮರದ ಅಥವಾ ಬಟ್ಟೆಯ ಒಂದು ಗೋದಲಿ ಮಕ್ಕಳಿಗೇ ಇದ್ದರೆ ಒಳ್ಳೆಯದು. 1223ರಲ್ಲಿ ಗ್ರೆಚ್ಚೊ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ನಿಜವಾದ ಎತ್ತು ಕತ್ತೆಗಳನ್ನೇ ನಿಲ್ಲಿಸಿದ್ದರಲ್ಲವೇ?

ಬೋಗಾದಿಯ ಆ ದಂಪತಿ ಕಳೆದ ವಾರ ಫೋನು ಮಾಡಿದ್ದರು. ನಕ್ಷೆ ತಿದ್ದಿಸಿದ್ದಾರೆ. ಊಟದ ಕೋಣೆಯನ್ನು ಹಜಾರಕ್ಕೆ ಸೇರಿಸಿ, ಉಳಿದ ಜಾಗವನ್ನು ಅಡುಗೆಮನೆಯ ಪಕ್ಕ ಮಕ್ಕಳಿಗೆ ಬಿಟ್ಟಿದ್ದಾರೆ. ಮೇಲಿನ ಕೋಣೆ ನೆಂಟರಿಗಂತೆ.

ಇದನ್ನೆಲ್ಲ ಓದಿ, “ನಮ್ಮದು ಇರೋದೇ ಒಂದು ಕೋಣೆ, ಒಂದು ಅಡುಗೆಮನೆ, ನಾವೇನು ಮಾಡೋಣ?” ಎಂದು ಕೇಳುವವರಿದ್ದಾರೆ. ಮಂಡಿ ಮೊಹಲ್ಲಾದಲ್ಲಿ ಬಾಡಿಗೆಗಿದ್ದ ಒಬ್ಬ ತಾಯಿ ಹಿಂದೆ ಇದನ್ನೇ ಕೇಳಿದ್ದಳು. ಆರಡಿಗೆ ಮೂರಡಿಯ ಒಂದು ಚಾಪೆ, ಮಂಚದ ಕೆಳಗೆ ಸರಿಸಬಹುದಾದ ಒಂದು ಹಣ್ಣಿನ ಪೆಟ್ಟಿಗೆ, ಇಷ್ಟು ಸಾಕೆಂದೆ. ಸಂಜೆ ನಾಲ್ಕರಿಂದ ಆರರವರೆಗೆ ಚಾಪೆ ಹಾಸಿದೆಯೆಂದರೆ ಅದು ಮಗುವಿನ ಕೋಣೆ. ಆ ಹೊತ್ತಿನಲ್ಲಿ ಅದರ ಮೇಲೆ ಯಾರೂ ಚಪ್ಪಲಿ ಕಾಲಿಡಬಾರದು, ಬಟ್ಟೆ ಮಡಿಸಬಾರದು, ಆಡುತ್ತಿರುವ ಮಗುವನ್ನು ಎಬ್ಬಿಸಿ ಅಂಗಡಿಗೆ ಅಟ್ಟಬಾರದು. ಗೋಡೆಯಿಲ್ಲದ ಕೋಣೆಗೆ ಈ ಕಟ್ಟಳೆಯೇ ಗೋಡೆ. ಆಡಿ ಮುಗಿದ ಮೇಲೆ ಮಗುವೇ ಚಾಪೆ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಬೇಕು.

ಒಂದು ತಿಂಗಳ ಬಳಿಕ ಆಕೆ ಶಾಲೆಯ ಬಳಿ ಸಿಕ್ಕಾಗ ನಗುತ್ತಾ ಹೇಳಿದಳು: “ನೆನ್ನೆ ಇವರು ಕೆಲಸದಿಂದ ಬಂದು ಹಾಗೇ ಒಳಗೆ ನುಗ್ಗಿದ್ರು ಟೀಚರ್. ನಮ್ಮ ಹುಡುಗ, ‘ಅಪ್ಪಾ, ಬಾಗಿಲು ತಟ್ಟಿ ಬನ್ನಿ’ ಅಂದ. ಪಾಪ, ಇವರು ಹಿಂದಕ್ಕೆ ಹೋಗಿ ಚಪ್ಪಲಿ ಬಿಟ್ಟು, ಚಾಪೆ ಪಕ್ಕದ ನೆಲ ತಟ್ಟಿದ್ರು.”